ಶರಣಬಸಪ್ಪನವರಿಗೆ ಒಂದು ಕಷ್ಟ ಬರಲಿ

ನನ್ನ ಗಂಡ ದೂಜ ಪೂಜಾರಿಯವರು ಕೆಟ್ಟ ಮನುಷ್ಯರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದವರಿಗೆ ಅನುಮಾನ ಬಂದೀತು. ಹೋದ ಚಳಿಗಾಲದಲ್ಲಿ ಅವರು ತಮ್ಮ ಒಬ್ಬನೇ ಒಬ್ಬ ಗೆಳೆಯನಿಗೆ ಏನಾದರೂ ತೊಂದರೆಯಾಗಲಿ ಎಂದು ಕಾಯುತ್ತಿದ್ದರು. ಬೆಳಿಗ್ಗೆ ಊದುಬತ್ತಿ ಹಚ್ಚಿ ದೇವರ ಫೋಟೋಕ್ಕೆ ಕೈಮುಗಿಯುವಾಗಲೂ ಅದನ್ನೇ ಬೇಡುತ್ತಿದ್ದರೋ ಏನೋ, ನಾನು ಕೇಳಲು ಹೋಗಲಿಲ್ಲ.

ಗೋರೆಗಾಂವ್ ಸ್ಟೇಷನ್ನಿನ ಹತ್ತಿರದ ಗಲ್ಲಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಗಲ್ಲಿಯ ಕೊನೆಯಲ್ಲಿ ಹಳೆಯ ಬಿಲ್ಡಿಂಗ್ ಕೆಡವಿ ಟವರ್ ಕಟ್ಟುತ್ತಿದ್ದಾರೆ. ಅಲ್ಲಿ ಸೆಂಟ್ರಿಂಗ್ ಕೆಲಸದ ಗುತ್ತಿಗೆ ಹಿಡಿದವರು ಜೇವರ್ಗಿ ಕಡೆಯ ಶರಣಬಸಪ್ಪನವರು. ಸಂಜೆ ಗಿರಾಕಿ ಕಡಿಮೆಯಾದ ಹೊತ್ತಿಗೆ ಅವರು ಬಂದು ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದರು. ಇವರು ಗಲ್ಲಾ ನನಗೆ ಒಪ್ಪಿಸಿ ಪಕ್ಕದಲ್ಲಿ ಕೂರುತ್ತಿದ್ದರು. ಇವರ ಕರಾವಳಿಯ ಕನ್ನಡ ಅವರಿಗೆ ಅರ್ಧ ತಿಳಿಯುತ್ತಿತ್ತು, ಅವರ ಕನ್ನಡ ಇವರಿಗೆ ಅರ್ಧ. ಆದರೂ ಇಬ್ಬರೂ ಹೊಟ್ಟೆ ಹಿಡಿದು ನಗುವುದು ಒಳಗಿನ ಅಡುಗೆಮನೆಗೆ ಕೇಳುತ್ತಿತ್ತು. ಬೇರೆ ಯಾರ ಜೊತೆಯೂ ನನ್ನ ಗಂಡ ಹಾಗೆ ನಕ್ಕದ್ದು ನಾನು ಕಂಡಿಲ್ಲ.

ಇವರದೊಂದು ಗುಣವಿದೆ. ಯಾರ ಹಂಗೂ ಬೇಡ. ಪಕ್ಕದ ಅಂಗಡಿಯವನು ಕಡ್ಡಿಪೆಟ್ಟಿಗೆ ಕೊಟ್ಟರೆ ಸಂಜೆಯೊಳಗೆ ಅವನಿಗೊಂದು ಮಸಾಲೆ ದೋಸೆ ಹೋಗಬೇಕು. ನನ್ನ ತಮ್ಮ ಒಮ್ಮೆ ಊರಿನಿಂದ ಹಲಸಿನ ಹಪ್ಪಳ ತಂದುಕೊಟ್ಟನೆಂದು, ಅವನು ವಾಪಸು ಹೊರಟಾಗ ಹೊರಲಾರದಷ್ಟು ಸಾಮಾನು ಕಟ್ಟಿಕೊಟ್ಟರು. ಅವನು ಸ್ಟೇಷನ್ನಿನಲ್ಲಿ ಸೊಂಟ ಹಿಡಿದುಕೊಂಡು ನಿಂತಿದ್ದ.

ದೀಪಾವಳಿ ಕಳೆದ ವಾರ ಒಂದು ಬಿಲ್ಡಿಂಗ್‌ನವರು ಸತ್ಯನಾರಾಯಣ ಪೂಜೆಗೆ ನಮಗೆ ದೊಡ್ಡ ಆರ್ಡರ್ ಕೊಟ್ಟಿದ್ದರು. ಅದೇ ಬೆಳಿಗ್ಗೆ ಗಲ್ಲಿಯ ಪೈಪ್ ಒಡೆದು ನಲ್ಲಿಯಲ್ಲಿ ಗಾಳಿ ಮಾತ್ರ ಬರತೊಡಗಿತು. ಇವರು ತಲೆಯ ಮೇಲೆ ಕೈ ಹೊತ್ತು ಕೂತರೇ ಹೊರತು ಯಾರನ್ನೂ ಕೇಳಲಿಲ್ಲ. ಶರಣಬಸಪ್ಪನವರಿಗೆ ಹೇಗೋ ಸುದ್ದಿ ಮುಟ್ಟಿತು. ಸೈಟಿಗೆ ಬಂದ ಟ್ಯಾಂಕರನ್ನು ನಮ್ಮ ಬಾಗಿಲಿಗೆ ತಿರುಗಿಸಿ, ತಮ್ಮ ಆಳುಗಳಿಂದ ಡ್ರಮ್ಮು, ಕೊಡ, ಹಂಡೆ ಎಲ್ಲ ತುಂಬಿಸಿದರು. ಆರ್ಡರ್ ಉಳಿಯಿತು, ನಮ್ಮ ಮರ್ಯಾದೆಯೂ ಉಳಿಯಿತು.

ಇವರು ದುಡ್ಡು ಕೊಡಲು ಹೋದರು, ಅವರು ಮುಟ್ಟಲಿಲ್ಲ. ಆಳುಗಳಿಗೆ ತಿಂಡಿ ಕಳಿಸಿದರೆ ಅದಕ್ಕೂ ದುಡ್ಡು ಕೊಟ್ಟುಬಿಟ್ಟರು. ಇವರು ಬಿಡದೆ ಕಾಡಿದಾಗ ನಕ್ಕು, "ಬಿಡ್ರಿ ಅಣ್ಣಾರೆ. ನಂಗೂ ಒಂದಿನ ತ್ರಾಸ ಬರ್ತದ, ಅವಾಗ ನೀವು ಬರ್ರಿ" ಎಂದರು.

ಮಾತಿಗೆ ಹೇಳಿದ್ದು. ಯಾರಾದರೂ ಹಾಗೇ ಹೇಳುತ್ತಾರೆ. ನನ್ನ ಗಂಡ ಮಾತ್ರ ಅದನ್ನು ಕೋರ್ಟಿನ ಆದೇಶವೆಂದು ತಿಳಿದರು. ಅವತ್ತಿನಿಂದ ಅವರ ಪಕ್ಕ ಬೆಂಚಿನಲ್ಲಿ ಕೂರುವುದನ್ನು ಬಿಟ್ಟರು. ಉಪಕಾರ ತೀರಿಸದೆ ಸಮಸಮಕ್ಕೆ ಹೇಗೆ ಕೂರುವುದು ಎಂದು ನನ್ನನ್ನೇ ಕೇಳಿದರು. ಶರಣಬಸಪ್ಪನವರು ಸಂಜೆ ಬಂದರೆ ಇವರಿಗೆ ಹಿಂದಿನ ಕೋಣೆಯಲ್ಲಿ ಈರುಳ್ಳಿ ಮೂಟೆ ಎಣಿಸುವ ಕೆಲಸ ನೆನಪಾಗುತ್ತಿತ್ತು. ಆ ಮನುಷ್ಯ ಒಬ್ಬರೇ ಚಾ ಕುಡಿದು, ಗ್ಲಾಸನ್ನು ತಾವೇ ಒಳಗಿಟ್ಟು ಹೋಗುತ್ತಿದ್ದರು. ನನಗೆ ನೋಡಲಾಗುತ್ತಿರಲಿಲ್ಲ.

ಹಗಲೆಲ್ಲ ಮಾತ್ರ ಇವರ ಕಣ್ಣು ಗಲ್ಲಿಯ ಕೊನೆಯಲ್ಲೇ. ಫೈರ್ ಬ್ರಿಗೇಡ್ ಗಾಡಿ ಸದ್ದು ಮಾಡಿದರೆ ಸೌಟು ಬಿಟ್ಟು ಓಡುತ್ತಿದ್ದರು. ಗಾಡಿ ಮಲಾಡ್ ಕಡೆ ಹೋಯಿತೆಂದು ತಿಳಿದು ಮುಖ ಸಣ್ಣದು ಮಾಡಿಕೊಂಡು ವಾಪಸು. ಶರಣಬಸಪ್ಪನವರು ಕೆಮ್ಮಿದರೆಂದು ಕಾಳುಮೆಣಸಿನ ಕಷಾಯ ಕಾಯಿಸಿ ಕಳಿಸಿದರು. ಅವರಿಗೆ ಮೆಣಸಿನಕಾಯಿ ನೆತ್ತಿಗೇರಿತ್ತಂತೆ. ಸ್ಕೂಟರ್ ದೂಡುತ್ತಿದ್ದರೆಂದು ಓಡಿಹೋಗಿ ಹಿಂದಿನಿಂದ ದೂಡಿದರು. ಅವರು ಅದನ್ನು ನೆರಳಿಗೆ ನಿಲ್ಲಿಸುತ್ತಿದ್ದರು, ಇವರು ದೂಡಿದ ರಭಸಕ್ಕೆ ಗೋಡೆಗೆ ತಾಗಿ ಲೈಟು ಒಡೆಯಿತು. ಆ ಲೈಟಿನ ದುಡ್ಡನ್ನೂ ಅವರು ಮುಟ್ಟಲಿಲ್ಲ.

ಮಗಳು ಯಕ್ಷಿತಾ ಮೊಬೈಲಿನಿಂದ ತಲೆಯೆತ್ತಿ, "ಪಪ್ಪಾ, ಅಂಕಲ್‌ಗೆ ಏನಾದ್ರೂ ಬ್ಯಾಡ್ ಆಗ್ಲಿ ಅಂತ ವೇಟ್ ಮಾಡೋದಾ? ಯೇ ಕ್ಯಾ ಹೈ?" ಎಂದಳು. ಇವರು ಅವಳ ಕನ್ನಡ ಮಾತ್ರ ತಿದ್ದಿದರು.

ತಡೆಯಲಾರದೆ ನಾನು ಮಾರ್ಕೆಟ್ಟಿನಲ್ಲಿ ಸಿಕ್ಕ ಶರಣಬಸಪ್ಪನವರ ಹೆಂಡತಿ ಮಹಾದೇವಿಗೆ ಎಲ್ಲ ಹೇಳಿಬಿಟ್ಟೆ. ಅವಳು ಮೆಂತ್ಯದ ಕಟ್ಟು ಕೈಯಲ್ಲಿ ಹಿಡಿದು ನಗುತ್ತ ನಿಂತಳು. ಆಮೇಲೆ ನಗು ನಿಲ್ಲಿಸಿ, ತನ್ನ ಗಂಡನೂ ಈಗ ಮನೆಯಲ್ಲಿ ಸುಮ್ಮನೆ ಕೂರುತ್ತಾರೆ, ಏನು ತಪ್ಪಾಯಿತೋ ಎಂದು ಕೊರಗುತ್ತಾರೆ ಅಂದಳು.

ಕೆಲವೇ ದಿನಗಳಲ್ಲಿ ಎಳ್ಳಮಾವಾಸ್ಯೆ ಬಂತು. ಜೇವರ್ಗಿ ಸೀಮೆಯವರಿಗೆ ಇದು ದೊಡ್ಡ ಹಬ್ಬ. ಊರಲ್ಲಾದರೆ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ನೆರೆಹೊರೆಯವರನ್ನೆಲ್ಲ ಕರೆದು ಉಣ್ಣುತ್ತಾರೆ. ಇಲ್ಲಿ ಹೊಲವಿಲ್ಲ, ಸೈಟೇ ಹೊಲ. ಅವತ್ತು ಬೆಳಿಗ್ಗೆ ಶರಣಬಸಪ್ಪನವರು ಏದುಸಿರು ಬಿಡುತ್ತ ಹೋಟೆಲಿಗೆ ಬಂದರು. ಆಳುಗಳ ಅಡುಗೆಯವನು ಹೇಳದೆ ಕೇಳದೆ ಊರಿಗೆ ಹೋಗಿಬಿಟ್ಟಿದ್ದಾನೆ, ಹಬ್ಬದ ದಿನ ಮಂದಿ ಉಪವಾಸ ಬೀಳುತ್ತಾರೆ, ಏನು ಮಾಡುವುದೋ ತಿಳಿಯದು ಎಂದರು.

ನನ್ನ ಗಂಡನ ಮುಖ ನೋಡಬೇಕಿತ್ತು. ಮಗಳು ಹುಟ್ಟಿದ ದಿನವೂ ಅಷ್ಟು ಅರಳಿರಲಿಲ್ಲ. ಗಳಿಗೆಯಲ್ಲಿ ಶಟರ್ ಎಳೆದು, ದೊಡ್ಡ ಪಾತ್ರೆಗಳನ್ನೂ ನನ್ನನ್ನೂ ಟೆಂಪೋಗೆ ಹತ್ತಿಸಿದರು. ಸೈಟಿನಲ್ಲಿ ಒಲೆ ಹೂಡಿ, ಬೆವರು ಸುರಿಸಿ, ಅನ್ನ, ಸಾಂಬಾರು, ಪಲ್ಯ, ಪಾಯಸ ಮಾಡಿದರು. ಜೋಳ ಸಜ್ಜೆ ತಿನ್ನುವವರಿಗೆ ಎಲ್ಲದಕ್ಕೂ ತೆಂಗಿನಕಾಯಿ, ಸಾಂಬಾರಿಗೆ ಬೆಲ್ಲ. ಸ್ವಲ್ಪ ಖಾರ ಹಾಕಿ ಎಂದು ನಾನು ಹೇಳಿದ್ದಕ್ಕೆ, ಇದು ಉಪಕಾರದ ಅಡುಗೆ, ಕಸುಬು ಬಿಟ್ಟು ಮಾಡಬಾರದು ಎಂದು ಗದರಿದರು. ಆಳುಗಳು ಮುಖ ಮುಖ ನೋಡಿಕೊಂಡು ಉಂಡರು. ಒಬ್ಬ ಮಾತ್ರ ಸಾಂಬಾರನ್ನು ಪಾಯಸವೆಂದು ಹೊಗಳಿದ.

ಊಟವಾದ ಮೇಲೆ ಇವರು ಸೌಟು ತೊಳೆಯಲು ನೀರು ಹುಡುಕುತ್ತ ಪಕ್ಕದ ತಗಡಿನ ಶೆಡ್ಡಿಗೆ ಹೋದರು. ಹೋದವರು ಬರಲಿಲ್ಲ. ನಾನು ಹಿಂದೆಯೇ ಹೋದೆ. ಒಳಗೆ ಬಿಳಿ ಬಟ್ಟೆ ಮುಚ್ಚಿದ ಬುಟ್ಟಿಗಳು. ಇವರು ಒಂದರ ಬಟ್ಟೆ ಎತ್ತಿ ಹಿಡಿದಿದ್ದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ರಾಶಿ, ಶೇಂಗಾ ಹೋಳಿಗೆ. ಪಕ್ಕದ ಪಾತ್ರೆಗಳಲ್ಲಿ ಕಾಳು ತರಕಾರಿಗಳ ಭಜ್ಜಿ, ಅಂಬಲಿ. ಇಡೀ ಗುಂಪಿಗೆ ಆಗಿ ಮಿಗುವಷ್ಟು. ಬಾಗಿಲಲ್ಲಿ ಮಹಾದೇವಿ ಸೆರಗು ಬಾಯಿಗೆ ಒತ್ತಿ ನಿಂತಿದ್ದಳು. ಎಳ್ಳಮಾವಾಸ್ಯೆಯ ಅಡುಗೆಯನ್ನು ಅವರ ಕಡೆ ಹೆಂಗಸರು ಎರಡು ದಿನ ಮೊದಲೇ ಕೂತು ಮಾಡುತ್ತಾರೆ, ಅಡುಗೆಯವನ ಕೈಗೆ ಬಿಡುವುದಿಲ್ಲ. ಇದು ಇಡೀ ಸೈಟಿನಲ್ಲಿ ಗೊತ್ತಿಲ್ಲದವರು ನಾವಿಬ್ಬರೇ.

ಅಷ್ಟರಲ್ಲಿ ಶರಣಬಸಪ್ಪನವರೂ ಬಂದರು. ಇವರು ಬಟ್ಟೆಯನ್ನು ಮೆಲ್ಲಗೆ ಮುಚ್ಚಿದರು. ಕಿವಿ ಕೆಂಪಗಾಗಿತ್ತು.

"ನನಗೆ ಸುಳ್ಳು ಹೇಳಿದ್ದಾ ನೀವು?" ಎಂದರು. ಇನ್ನು ಇವರು ಈ ಮನುಷ್ಯನ ಮುಖ ನೋಡುವುದಿಲ್ಲ ಎಂದುಕೊಂಡೆ.

ಶರಣಬಸಪ್ಪನವರು ತಲೆ ತಗ್ಗಿಸಿದರು. "ಅಡಿಗಿ ಮಾತು ಸುಳ್ಳರಿ ಅಣ್ಣಾರೆ. ತ್ರಾಸ ಖರೇ. ದಿನಾ ಸಂಜೀಕ ಒಬ್ಬನೇ ಕುಂತು ಚಾ ಕುಡ್ದು ಸಾಕಾಗ್ಯಾದ. ಇಷ್ಟು ಮಂದ್ಯಾಗ ಇದ್ದೂ ನಂಗ ಮಾತಾಡ್ಲಾಕ ಯಾರಿಲ್ಲ."

ಇವರು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. "ಹಾಗಾದ್ರೆ ನನ್ನ ಮೇಲೆ ಈಗ ಎರಡು ಉಪಕಾರ ಆಯ್ತಲ್ಲ ಮಾರಾಯ್ರೆ" ಎಂದರು.

"ಆಗ್ಲಿ ಬಿಡ್ರಿ."

ಮಹಾದೇವಿ ಚಾಪೆ ಹಾಸಿದಳು. ಇಬ್ಬರೂ ಒತ್ತೊತ್ತಿಗೆ ಕೂತು ರೊಟ್ಟಿ ಭಜ್ಜಿ ಉಂಡರು. ಖಾರಕ್ಕೆ ಇವರ ಕಣ್ಣಲ್ಲಿ ನೀರು, ಖಾರಕ್ಕೋ ಏನೋ. ತಟ್ಟೆ ಬರಿದಾಯಿತು. ಇವರು ಒಮ್ಮೆ ನನ್ನ ಕಡೆ, ಒಮ್ಮೆ ಬುಟ್ಟಿಯ ಕಡೆ ನೋಡಿ, ತಟ್ಟೆಯನ್ನು ಸ್ವಲ್ಪ ಮುಂದೆ ಸರಿಸಿ ಕೇಳಿದರು:

"ಭಜ್ಜಿ ಇನ್ನೂ ಸ್ವಲ್ಪ ಉಂಟಾ?"

ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಗಂಡ ಹೊರಗಿನವರ ಹತ್ತಿರ ಬಾಯಿಬಿಟ್ಟು ಏನಾದರೂ ಕೇಳಿದ್ದು ಅದೇ ಮೊದಲು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆದರೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ತಟ್ಟೆ ಹಿಂದಕ್ಕೆ ಎಳೆದುಕೊಳ್ಳುವ ಆಸಾಮಿ ಅದು.