ಮುಖ ನೋಡಿ ಹೇಳಿದ ರುಚಿ

ಚಹಾ ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸ ಅವಳದು. ವಾಸನೆ ಹಿಡಿಯುವುದರಲ್ಲಿ ಎತ್ತಿದ ಕೈ. ಅದಕ್ಕೇ ಜೊತೆಯವರು ಮೂಗಮ್ಮ ಎಂದು ಹೆಸರಿಟ್ಟಿದ್ದರು. "ಅಲ್ಲಿ ಮೂಗಮ್ಮ, ಇಲ್ಲಿ ಬಾಯಮ್ಮ" ಎಂದು ಗಂಡ ಕಾಲೆಳೆಯುತ್ತಿದ್ದ. ಮನೆಯಲ್ಲಿ ಅವಳು ಪಟಪಟನೆ ಮಾತಾಡುವವಳೇ. ಕಾರ್ಖಾನೆಯಲ್ಲಿ ಮಾತ್ರ ಹಿರಿಯಣ್ಣನ ಎದುರು ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಹಿರಿಯಣ್ಣ ರುಚಿ ನೋಡುವ ತಂಡದ ಮುಖ್ಯಸ್ಥರು. ಅವರ ನಾಲಿಗೆ ತಪ್ಪಿದ್ದನ್ನು ಕಂಡವರಿಲ್ಲ. ಉಳಿದಿಬ್ಬರಲ್ಲಿ ಒಬ್ಬರು ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು, ಇನ್ನೊಬ್ಬ ಮುಖದ ತುಂಬ ಗಡ್ಡ ಬಿಟ್ಟು ಎಲ್ಲರ ಬಾಯಲ್ಲಿ ಗಡ್ಡನೇ ಆಗಿಹೋದವ. ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟಲುಗಳ ಸಾಲು. ಹಿರಿಯಣ್ಣ ಮೊದಲು ಚಮಚದಿಂದ ಸೊರ್ರನೆ ಹೀರಿ, ಬಾಯಲ್ಲಿ ಆಡಿಸಿ, ಬಕೆಟ್ಟಿಗೆ ಉಗುಳಿ ಸುಮ್ಮನೆ ನಿಲ್ಲುವರು. ಆಮೇಲೆ ಮಿಕ್ಕವರು ಒಬ್ಬೊಬ್ಬರಾಗಿ ಹೀರುವರು. ಎಲ್ಲರದೂ ಮುಗಿದ ಮೇಲೆ ಹಿರಿಯಣ್ಣನ ತೀರ್ಪು. ಎಲ್ಲರೂ ತಲೆಯಾಡಿಸುವುದು ವಾಡಿಕೆ.

ಆ ಸೋಮವಾರ ಒಂದು ಬಟ್ಟಲನ್ನು ಹೀರಿದ್ದೇ ತಡ, ಅವಳ ಮೂಗಿಗೆ ಏನೋ ಬಡಿಯಿತು. ಡೀಸೆಲ್ ವಾಸನೆ. ಹಿರಿಯಣ್ಣನ ಮುಖ ನೋಡಿದಳು. ಏನೂ ಆಗಿಲ್ಲವೆಂಬಂತೆ ನಿಂತಿದ್ದರು. ಮೇಷ್ಟ್ರ ಹುಬ್ಬೂ ಅಲುಗಿರಲಿಲ್ಲ. ಗಡ್ಡನ ಮುಖ ಗಡ್ಡದೊಳಗೇ ಅಡಗಿತ್ತು. ಇವರಿಗೆಲ್ಲ ಗೊತ್ತಾಗದ್ದು ನನಗೊಬ್ಬಳಿಗೆ ಹೇಗೆ ಗೊತ್ತಾದೀತು? ಬರುವಾಗ ಸ್ಕೂಟರಿಗೆ ಪೆಟ್ರೋಲ್ ಹಾಕಿಸಿದ್ದೆನಲ್ಲ, ಕೈಯ ವಾಸನೆಯೇ ಇರಬೇಕು ಎಂದುಕೊಂಡಳು.

"ಚೆನ್ನಾಗಿದೆ, ಅಲ್ವಾ?" ಎಂದರು ಹಿರಿಯಣ್ಣ.

"ಚೆನ್ನಾಗಿದೆ ಅಣ್ಣ" ಎಂದಳು. ಮಿಕ್ಕಿಬ್ಬರೂ ತಲೆಯಾಡಿಸಿದರು. ಆ ಚಹಾದ ಚೀಲಗಳು ಪೊಟ್ಟಣಗಳಾಗಿ ಅಂಗಡಿಗಳಿಗೆ ಹೋದವು.

ಕೆಲವು ದಿನ ಕಳೆದ ಮೇಲೆ ಅಕ್ಕನ ಫೋನ್ ಬಂತು. "ಆಸ್ಪತ್ರೇಲಿದೀವಿ ಕಣೇ. ನಿಮ್ಮ ಚಹಾ ಕುಡಿದು ನಿನ್ನ ಭಾವ ವಾಂತಿ ಮಾಡಿ ಮಾಡಿ ಸುಸ್ತಾಗಿದ್ದಾರೆ. ಇಲ್ಲಿ ಅದನ್ನೇ ಕುಡಿದೋರು ಇನ್ನೂ ತುಂಬಾ ಜನ ಇದ್ದಾರೆ. ಇವರು ಮೊದಲೇ ಏನೋ ವಾಸನೆ ಅಂದ್ರು. ನನ್ನ ತಂಗಿ ರುಚಿ ನೋಡಿ ಕಳಿಸಿರೋದು, ಸುಮ್ನೆ ಕುಡೀರಿ ಅಂದೋಳು ನಾನೇ."

ಅವಳು ಫೋನನ್ನು ಕಿವಿಯಿಂದ ಕೆಳಗಿಳಿಸಿದಳು. ಅತ್ತ ಅಕ್ಕ ಹಲೋ ಹಲೋ ಎನ್ನುತ್ತಲೇ ಇದ್ದಳು.

ಕಾರ್ಖಾನೆಗೆ ಚಹಾ ತಂದ ಲಾರಿಯಲ್ಲಿ ಡೀಸೆಲ್ ಸೋರಿ ಚೀಲಗಳು ನೆನೆದಿದ್ದವೆಂದು ಮರುದಿನ ಗೊತ್ತಾಯಿತು. ಕಾರ್ಖಾನೆಯ ಒಡತಿ ನಾಲ್ವರನ್ನೂ ತನ್ನ ಕೋಣೆಗೆ ಕರೆಸಿದಳು. "ಇಷ್ಟು ಜನ ಇದ್ರಿ. ಒಬ್ಬರಿಗೂ ಗೊತ್ತಾಗ್ಲಿಲ್ವಾ?"

"ನನಗೆ ವಾಸನೆ ಬಂದಿತ್ತು ಮೇಡಂ" ಎಂದಳು ಮೂಗಮ್ಮ. ಸ್ವರ ಅವಳದಲ್ಲವೆಂಬಂತಿತ್ತು.

ಮೇಷ್ಟ್ರು ಕನ್ನಡಕ ತೆಗೆದರು. "ನನಗೂ ಬಂದಿತ್ತು."

ಅವಳು ಗಕ್ಕನೆ ಅವರತ್ತ ತಿರುಗಿದಳು.

"ನನಗೆ ಹೊಟ್ಟೆ ತೊಳಸಿತ್ತು" ಎಂದ ಗಡ್ಡ. "ಹಿರಿಯಣ್ಣನೇ ಸುಮ್ಮನಿದ್ದಾರಲ್ಲ, ನಂದೇ ಏನೋ ಐಬು ಅಂದ್ಕೊಂಡೆ."

ಎಲ್ಲರೂ ಹಿರಿಯಣ್ಣನನ್ನೇ ನೋಡಿದರು. ಅವರು ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದರು.

"ಕೆಲವು ತಿಂಗಳ ಹಿಂದೆ ಜ್ವರ ಬಂದು ಹೋದಾಗಿಂದ ನನಗೆ ರುಚಿನೂ ಇಲ್ಲ, ವಾಸನೆನೂ ಇಲ್ಲ. ಎಲ್ಲಾ ಬಿಸಿನೀರು ಕುಡಿದ ಹಾಗೆ. ನಿಮ್ಮ ಮುಖ ನೋಡಿ ಹೇಳ್ತಿದ್ದೆ. ಏನಾದ್ರೂ ಕೆಟ್ಟಿದ್ರೆ ಮೂಗಮ್ಮನ ಮುಖ ಹೇಳುತ್ತೆ ಅಂತ ನಂಬಿದ್ದೆ."

ಇಷ್ಟು ತಿಂಗಳು ತಾನು ನೋಡಿ ಧೈರ್ಯ ತಂದುಕೊಂಡ ಆ ಶಾಂತ ಮುಖ ತನ್ನದೇ ಮುಖದ ನಕಲು ಎಂಬುದು ಆಗ ಅವಳ ತಲೆಗೆ ಹೋಯಿತು. ತಲೆಯಾಡಿಸಿ ಕಳಿಸಿದ ಇನ್ನೆಷ್ಟು ಬಟ್ಟಲುಗಳಲ್ಲಿ ಏನೇನಿತ್ತೋ.

ಭಾವ ಚೇತರಿಸಿಕೊಂಡು ಮನೆಗೆ ಬಂದರು. ಹಿರಿಯಣ್ಣ ತಾವಾಗಿಯೇ ಕೆಲಸ ಬಿಟ್ಟರು. ಒಡತಿ ಮೂಗಮ್ಮನನ್ನು ಮುಖ್ಯಸ್ಥೆ ಮಾಡಿದಳು.

ಮೊದಲ ದಿನ ಅವಳು ಹೀರಿದಳು, ಉಗುಳಿದಳು. ತುಸು ಒಗರು ಹೆಚ್ಚಾಯಿತೇ ಎಂದುಕೊಳ್ಳುತ್ತ ತಲೆಯೆತ್ತಿ ಮಿಕ್ಕಿಬ್ಬರ ಮುಖ ನೋಡಿದಳು. ಮೇಷ್ಟ್ರೂ ಗಡ್ಡನೂ ಚಮಚ ಹಿಡಿದು ಅವಳ ಮುಖವನ್ನೇ ನೋಡುತ್ತ ನಿಂತಿದ್ದರು.

"ನನ್ನ ಮುಖದಲ್ಲೇನಿದೆ?" ಎಂದು ಸಿಡುಕಿದಳು.

"ನೀವು ನಮ್ಮದನ್ನ ನೋಡಿದ್ರಲ್ಲ, ಅದಕ್ಕೆ" ಎಂದರು ಮೇಷ್ಟ್ರು ಮೆಲ್ಲಗೆ.