ಒಂಬತ್ತು ಕಲ್ಲಿಗೆ ನೀರು

ನನ್ನ ಕಣ್ಣಿಗೆ ಬಟ್ಟೆ ಕಟ್ಟಿ, ಈ ಊರಿನ ಯಾವ ತಲೆಯನ್ನಾದರೂ ಕೈಗೆ ಕೊಡಿ. ಬೆರಳು ನೆತ್ತಿಗೆ ತಾಗುವುದೇ ತಡ, ಆ ತಲೆ ಯಾರದು, ಅವನ ಅಪ್ಪ ಯಾರು, ನಿನ್ನೆ ಹೆಂಡತಿಯ ಜೊತೆ ಯಾವ ವಿಷಯಕ್ಕೆ ಜಗಳವಾಯಿತು, ತಪ್ಪು ಯಾರದು, ಎಲ್ಲವನ್ನೂ ಹೇಳಿಬಿಡುತ್ತೇನೆ. ಒಮ್ಮೆ ಪುರಸಭೆಯ ಮುಂದಿನ ಕಂಚಿನ ಪ್ರತಿಮೆಯ ತಲೆ ಸವರಿ, "ಇವರು ಆ ದೊಡ್ಡ ಮನುಷ್ಯರಲ್ಲ, ಅವರ ತಮ್ಮ" ಎಂದೆ. ಜನ ನಕ್ಕರು. ಆಮೇಲೆ ವಿಚಾರಿಸಿದರೆ, ಶಿಲ್ಪಿಗೆ ಕೊಟ್ಟಿದ್ದ ಫೋಟೋ ತಮ್ಮನದೇ! ಅಂದಿನಿಂದ ಆ ಪ್ರತಿಮೆ ನನ್ನನ್ನು ಕಂಡರೆ ಮುಖ ತಿರುಗಿಸುತ್ತದೆ.

ನಾನು ಕ್ಷೌರಿಕ. ಊರಿನವರು ನನ್ನನ್ನು ಬುರುಡೆ ಮಾಸ್ತರ ಎನ್ನುತ್ತಾರೆ. ಬುರುಡೆ ಬೋಳಿಸುವುದಕ್ಕೋ ಬುರುಡೆ ಬಿಡುವುದಕ್ಕೋ ಎಂದು ನಾನು ಕೇಳಲು ಹೋಗಿಲ್ಲ.

ಕೇಳುವ ಅಗತ್ಯವೇ ಇಲ್ಲದವಳು ಒಬ್ಬಳಿದ್ದಳು. ನನ್ನ ಮಗಳು. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಅವಳಿಗೆ ಕಾಲರ್ ಹಚ್ಚುವ ಕೆಲಸ. ರಜೆಯ ದಿನ ಅಂಗಡಿಗೆ ಬಂದು ಗಿರಾಕಿಯ ಕುರ್ಚಿಯ ಹಿಂದೆ ನಿಂತುಬಿಡುತ್ತಿದ್ದಳು. ನಾನು, "ಆವತ್ತು ಹತ್ತು ಜನ ರೌಡಿಗಳು ನನ್ನ ಮೇಲೆ ಬಿದ್ದರು ನೋಡಿ" ಎನ್ನುವಷ್ಟರಲ್ಲಿ ಕನ್ನಡಿಯಲ್ಲಿ ಅವಳ ಎರಡು ಬೆರಳು ಕತ್ತರಿಯ ಹಾಗೆ ಆಡುತ್ತಿದ್ದವು. ಕತ್ತರಿಸಪ್ಪಾ, ಕತ್ತರಿಸು. ನಾನು ಐದಕ್ಕೆ ಇಳಿಯುತ್ತಿದ್ದೆ. ಮತ್ತೆ ಕತ್ತರಿ. ಕೊನೆಗೆ ಒಬ್ಬನೇ ಮುದುಕ, ಅವನಿಗೂ ಮಂಡಿನೋವು ಎಂಬಲ್ಲಿಗೆ ಬಂದು ಕತೆ ನಿಲ್ಲುತ್ತಿತ್ತು. ಗಿರಾಕಿ ನಗುತ್ತಿದ್ದ. "ಅಪ್ಪನ ಮಾತು ತೊಳೆದ ಸ್ವೆಟರ್ ಇದ್ದ ಹಾಗೆ. ಒಣಗೋ ತನಕ ಕಾಯಿರಿ, ಸರಿಯಾದ ಅಳತೆಗೆ ಬರುತ್ತೆ" ಎನ್ನುತ್ತಿದ್ದಳು.

ಆ ಕಾರ್ಖಾನೆಯ ಮೇಲಿನ ಮಹಡಿಯ ಬಾಗಿಲಿಗೆ ಹೊರಗಿನಿಂದ ಬೀಗ ಹಾಕುತ್ತಿದ್ದರು. ಹುಡುಗಿಯರು ಅಂಗಿ ಕದ್ದು ಒಯ್ಯಬಾರದಂತೆ. ಒಂದು ಮಧ್ಯಾಹ್ನ ಬಟ್ಟೆಯ ರಾಶಿಗೆ ಬೆಂಕಿ ಹತ್ತಿತು. ಬೀಗದ ಕೈ ಇಟ್ಟುಕೊಂಡವನು ಊಟಕ್ಕೆ ಹೋಗಿದ್ದ. ಇಲ್ಲಿ ನಾನು ಏನನ್ನೂ ಸೇರಿಸಿಲ್ಲ. ಸೇರಿಸಲು ಜಾಗವೇ ಇಲ್ಲ.

ಒಳಗೆ ಉಳಿದವರು ಒಂಬತ್ತು ಮಂದಿ. ನನ್ನ ಮಗಳು. ನಮ್ಮ ಎದುರು ಸಾಲಿನಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದ ಅಕ್ಕನ ಮಗಳು. ಇವರಿಬ್ಬರೂ ಒಂದೇ ಬಾಚಣಿಗೆಗೆ ಕಿತ್ತಾಡಿಕೊಂಡು ಬೆಳೆದವರು. ಮೌಲ್ವಿ ಸಾಹೇಬರ ತಂಗಿಯ ಮಗಳು. ಉಳಿದವರೂ ಹಾಗೆಯೇ, ಕೆಲವರು ದೇವಸ್ಥಾನಕ್ಕೆ ಹೋಗುವ ಮನೆಯವರು, ಕೆಲವರು ಮಸೀದಿಗೆ, ಕೆಲವರು ಚರ್ಚಿಗೆ. ಇಸ್ತ್ರಿ ಅಕ್ಕ ವಾರ ತಪ್ಪದೆ ಚರ್ಚಿಗೆ ಹೋಗುವವಳು. ನಾನು ಪೂಜಾರಪ್ಪ ಬೈದರೆ ಮಾತ್ರ ದೇವಸ್ಥಾನಕ್ಕೆ ಹೋಗುವವನು.

ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಒಂಬತ್ತು ಬಿಳಿ ಬಟ್ಟೆ ಹೊದಿಸಿಟ್ಟಿದ್ದರು. ಯಾರು ಯಾರೆಂದು ಹೇಳುವಂತಿರಲಿಲ್ಲ. ಇದ್ದಬದ್ದ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಬಂದು, "ಬೆಂಕಿ ನಮಗೆ ಏನೂ ಉಳಿಸಿಲ್ಲ" ಎಂದು ಕೈಚೆಲ್ಲಿದರು. ವರಾಂಡದ ಬೆಂಚುಗಳ ಮೇಲೆ ಕೂತಿದ್ದವರು ಒಬ್ಬೊಬ್ಬರಾಗಿ ನನ್ನ ಕಡೆ ತಿರುಗತೊಡಗಿದರು. ಇಷ್ಟು ವರ್ಷ ನನ್ನ ಮಾತಿಗೆ ನಕ್ಕವರೇ ಎಲ್ಲ. ಆವತ್ತು ಒಬ್ಬರ ಮುಖದಲ್ಲೂ ನಗುವಿರಲಿಲ್ಲ.

"ತಮ್ಮಾ, ಮುಟ್ಟಿದ್ರೆ ಸಾಕು ಹೇಳ್ತೀನಿ ಅಂತಿದ್ಯಲ್ಲ," ಎಂದಳು ಇಸ್ತ್ರಿ ಅಕ್ಕ. "ಚಿಕ್ಕವಳಿದ್ದಾಗ ನಮ್ಮವಳ ಕೂದಲು ನೀನೇ ಕತ್ತರಿಸ್ತಿದ್ದೆ. ನಮ್ಮ ಹುಡುಗೀರ ತಲೆ ನಿನ್ನ ಕೈಗೆ ಗೊತ್ತು. ಹೋಗಪ್ಪಾ. ಮುಟ್ಟಿ ಹೇಳು."

ಹೋದೆ. ಬಾಗಿಲು ಹಿಂದೆ ಮುಚ್ಚಿಕೊಂಡಿತು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು, "ಗೊತ್ತಾಗ್ಲಿಲ್ಲ" ಎಂದೆ.

ಅಷ್ಟರಲ್ಲಿ ಕಾರ್ಖಾನೆಯ ಮಾಲೀಕನ ಕಡೆಯವರು ಮೂರು ಕಾರು ಕಳಿಸಿದ್ದರು. ಪೂಜಾರಪ್ಪನಿಗೊಂದು, ಮೌಲ್ವಿಗೊಂದು, ಪಾದ್ರಿಗೊಂದು. ಗುರುತು ಸಿಗದಿದ್ದರೆ ಏನಂತೆ, ತಲಾ ಮೂರು ಮೂರು ತೆಗೆದುಕೊಂಡು ನಿಮ್ಮ ನಿಮ್ಮ ಪದ್ಧತಿಯಂತೆ ಬೇಗ ಮುಗಿಸಿಬಿಡಿ ಎಂಬುದು ಅವರ ಸಲಹೆ. ಮೂರು ಸಣ್ಣ ಮೆರವಣಿಗೆ ಹೋದರೆ ಯಾರಿಗೂ ತಲೆನೋವಿಲ್ಲ. ಒಂದೇ ದೊಡ್ಡದು ಹೊರಟರೆ ಅದು ಕಾರ್ಖಾನೆಯ ಗೇಟಿನ ಮುಂದೆ ಹೋಗಿ ನಿಲ್ಲುತ್ತದೆ.

ಮೂರು ಕಾರೂ ಖಾಲಿಯಾಗಿ ವಾಪಸು ಹೋದವು. "ಎಲ್ಲರನ್ನೂ ಒಟ್ಟಿಗೇ ಕಳಿಸೋಣ," ಎಂದರು ಮೌಲ್ವಿ. ಎಲ್ಲರೂ ಪೂಜಾರಪ್ಪನ ಮುಖ ನೋಡಿದರು. ಹೂಳುವುದು ಅವರ ಪದ್ಧತಿಯಲ್ಲ, ಸುಡುವುದು ಪದ್ಧತಿ. ಪೂಜಾರಪ್ಪ ಮೊದಲೇ ಸಿಡುಕ. ಹೆಗಲ ಮೇಲಿನ ವಸ್ತ್ರದಿಂದ ಮೂಗು ಒರೆಸಿಕೊಂಡು, "ಬೆಂಕಿ ಒಂದ್ಸಲ ತಿಂದಾಗಿದೆ," ಎಂದರು. "ಇನ್ನೊಂದ್ಸಲ ನಾನು ಬಡಿಸಲ್ಲ. ಮಣ್ಣಿಗೇ ಕೊಡಿ."

ಊರಾಚೆಯ ಬಯಲಿನಲ್ಲಿ ಒಂಬತ್ತು ಗುಂಡಿ. ಒಂಬತ್ತನ್ನೂ ನಾನೊಬ್ಬನೇ ತೋಡಿದೆ. ಕತ್ತರಿಸುತ್ತೇನೆ: ಅರ್ಧ ಗುಂಡಿ ತೋಡಿದೆ. ಇನ್ನೂ ಕತ್ತರಿಸುತ್ತೇನೆ: ಗುದ್ದಲಿ ಹಿಡಿದುಕೊಂಡು ನಿಂತಿದ್ದೆ. ಪಾದ್ರಿ ಹೊಸಬ, ಎಳೆಯ ವಯಸ್ಸು. ನನ್ನ ಕೈಯಿಂದ ಗುದ್ದಲಿ ತೆಗೆದುಕೊಂಡು ತಾನೇ ತೋಡಿದ. ಮೂವರೂ ಒಂಬತ್ತರ ಮುಂದೆಯೂ ತಂತಮ್ಮ ಪ್ರಾರ್ಥನೆ ಹೇಳಿದರು. ಹೆಸರಿಲ್ಲದ ಒಂಬತ್ತು ಕಲ್ಲು ನೆಟ್ಟೆವು.

ಆಮೇಲೆ ಶುರುವಾಯಿತು ನೋಡಿ ನಮ್ಮ ಸಮಿತಿ. ಬೀಗ ಹಾಕಿಸಿದವನಿಗೆ ಶಿಕ್ಷೆಯಾಗುವ ತನಕ ಒಂಬತ್ತು ಮನೆಗೂ ಒಂದೇ ಕೇಸು, ಯಾರೂ ಬೇರೆಯಾಗಿ ರಾಜಿಗೆ ಹೋಗಕೂಡದು ಎಂದು ತೀರ್ಮಾನ. ಶುಕ್ರವಾರ ಮೌಲ್ವಿಗೆ ಆಗದು, ಭಾನುವಾರ ಪಾದ್ರಿಗೆ ಆಗದು, ಪೂಜಾರಪ್ಪನಿಗೆ ಉಳಿದ ಎಲ್ಲ ದಿನವೂ ಏನೋ ಒಂದು. ಯಾವ ದೇವರಿಗೂ ತಕರಾರಿಲ್ಲದ ಬುಧವಾರ ಸಿಕ್ಕಿತು. ಜಾಗ ಯಾವುದು? ಒಂದು ಕಡೆ ತಲೆ ಮುಚ್ಚಬೇಕು, ಇನ್ನೊಂದು ಕಡೆ ಟೋಪಿ ತೆಗೆಯಬೇಕು. ನನ್ನ ಅಂಗಡಿಯಲ್ಲಿ ತಲೆ ಬಗ್ಗಿಸಿದರೆ ಸಾಕು. ಹಾಗಾಗಿ ಪ್ರತಿ ಬುಧವಾರ ನನ್ನ ಬೆಂಚಿನ ಮೇಲೆ ಮೂರೂ ಧರ್ಮ ಇಕ್ಕಟ್ಟಾಗಿ ಕೂರುತ್ತಿತ್ತು. ಮೌಲ್ವಿಗಳ ಗಡ್ಡ ಸರಿಮಾಡುತ್ತ ನಾನು ಅಧ್ಯಕ್ಷತೆ ವಹಿಸುತ್ತಿದ್ದೆ. ಅಧ್ಯಕ್ಷ ನಾನೇ ಎಂದು ಯಾರೂ ಹೇಳಿರಲಿಲ್ಲ, ಆದರೆ ಕತ್ತಿ ನನ್ನ ಕೈಯಲ್ಲಿತ್ತು.

ಕೇಸು ವರ್ಷಗಟ್ಟಲೆ ಎಳೆಯಿತು. ಮಾಲೀಕನಿಗೆ ತಾಳ್ಮೆ ಇತ್ತು. ಅಲ್ಲಲ್ಲಿ ಪಿಸುಮಾತು ಹರಿದಾಡತೊಡಗಿತು: ನಿಮ್ಮ ಮಗಳ ಮೇಲೆ ಅವರ ಮಂತ್ರ ಹೇಳಿಸಿದಿರಲ್ಲ, ನಿಮ್ಮವಳನ್ನು ಅವರ ಪಕ್ಕದಲ್ಲಿ ಮಲಗಿಸಿದಿರಲ್ಲ. ಒಂದು ಬುಧವಾರ ಅದು ಅಂಗಡಿಯೊಳಗೇ ಸಿಡಿಯಿತು. ಹುಡುಗಿಯರ ಅಣ್ಣತಮ್ಮಂದಿರು ಎದ್ದು ನಿಂತು ಒಬ್ಬರ ಅಂಗಿ ಒಬ್ಬರು ಹಿಡಿದರು. ಯಾರದೋ ಮೊಣಕೈ ತಾಗಿ ನನ್ನ ಕನ್ನಡಿಯ ಮೂಲೆ ಒಡೆಯಿತು. ಮೌಲ್ವಿಯ ಮಾತನ್ನು ಯಾರೂ ಕೇಳಲಿಲ್ಲ, ಪೂಜಾರಪ್ಪನ ಬೈಗುಳವನ್ನೂ ಕೇಳಲಿಲ್ಲ. "ನಾಳೆಯೇ ಅಗೆದು ನಮ್ಮವರನ್ನ ನಾವು ತಗೊಂಡು ಹೋಗ್ತೀವಿ, ನಮ್ಮ ಕೇಸು ನಮಗೆ," ಎಂದು ಒಬ್ಬ ಕೂಗಿದ.

ನಾನು ಕುರ್ಚಿ ಹತ್ತಿ ನಿಂತೆ.

"ಯಾರನ್ನ ಅಂತ ಅಗೀತೀರೋ? ನಿಮಗೆ ಗೊತ್ತಾ? ನನಗೆ ಗೊತ್ತು!"

ಎಲ್ಲರೂ ನನ್ನ ಕಡೆ ತಿರುಗಿದರು.

"ಆವತ್ತು ಒಳಗೆ ಹೋಗಿ ಒಂಬತ್ತು ತಲೆನೂ ಮುಟ್ಟಿದೆ. ಒಂದೊಂದೂ ಗೊತ್ತಾಯ್ತು. ಬೇಕು ಅಂತಲೇ ಗೊತ್ತಿಲ್ಲ ಅಂದೆ. ಹೇಳಿದ್ದಿದ್ರೆ ಆವತ್ತೇ ಮೂರು ಪಾಲಾಗಿ ಹೋಗ್ತಿದ್ರಿ, ಆ ಮಾಲೀಕ ಮೀಸೆ ತಿರುವಿಕೊಂಡು ಇರ್ತಿದ್ದ. ತೀರ್ಪು ಬರೋ ದಿನದವರೆಗೂ ಎಲ್ಲರೂ ಒಟ್ಟಿಗೆ ಇರಿ. ಆವತ್ತು ಯಾವ ಕಲ್ಲು ಯಾರದು ಅಂತ ಒಬ್ಬೊಬ್ಬರಿಗೂ ಹೇಳ್ತೀನಿ. ಈ ಕತ್ತಿ ಮೇಲಾಣೆ."

ಒಬ್ಬರೂ ನಗಲಿಲ್ಲ. ಕನ್ನಡಿಯಲ್ಲಿ ಕತ್ತರಿಸಪ್ಪಾ ಎನ್ನುವ ಬೆರಳೂ ಇರಲಿಲ್ಲ. ಅಂಗಿ ಹಿಡಿದವರು ಕೈಬಿಟ್ಟರು. ಇಸ್ತ್ರಿ ಅಕ್ಕ ಕೆಳಗೆ ಬಿದ್ದಿದ್ದ ಕನ್ನಡಿಯ ಚೂರು ಹೆಕ್ಕತೊಡಗಿದಳು. ಮುಂದಿನ ಬುಧವಾರ ಎಲ್ಲರೂ ಬಂದರು. ಅದರ ಮುಂದಿನ ಬುಧವಾರವೂ ಬಂದರು. ಕೋರ್ಟಿನಲ್ಲಿ ಒಂದೇ ಸಾಲಿನಲ್ಲಿ ಕೂತರು. ಹೇಳಿ ಈಗ, ಈ ಊರಿನ ಒಗ್ಗಟ್ಟು ಯಾರ ನಾಲಿಗೆಯ ಮೇಲೆ ನಿಂತಿತ್ತು?

ತೀರ್ಪು ಬಂತು. ಬಾಗಿಲಿಗೆ ಬೀಗ ಹಾಕಿಸಿದ್ದು ಮಾಲೀಕನೇ ಎಂದು ಕೋರ್ಟು ಹೇಳಿತು. ಅವನನ್ನು ಜೈಲಿಗೆ ಕರೆದೊಯ್ಯುವಾಗ ಮೆಟ್ಟಿಲ ಮೇಲೆ ಮೌಲ್ವಿ ಪೂಜಾರಪ್ಪನ ಹೆಗಲಿಗೆ ತಲೆಯಿಟ್ಟು ಅತ್ತರು. ಪೂಜಾರಪ್ಪ, "ಅಳಬೇಡಿ ಮಾರಾಯ್ರೇ, ನನ್ನ ವಸ್ತ್ರ ಒದ್ದೆಯಾಗುತ್ತೆ," ಎಂದು ತಾವೂ ಅತ್ತರು. ಎಲ್ಲರೂ ನನ್ನನ್ನು ನೋಡಿದರು. ಯಾರೂ ಏನೂ ಕೇಳಲಿಲ್ಲ. ಬುಧವಾರ ಇದೆಯಲ್ಲ.

ಇಸ್ತ್ರಿ ಅಕ್ಕನಿಗೆ ಬುಧವಾರದ ತನಕ ಕಾಯಲು ಆಗಲಿಲ್ಲ. ಮರುದಿನ ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಬಂದಳು. ಗಿರಾಕಿಯ ಕುರ್ಚಿಯಲ್ಲಿ ಕೂತಳು. ಮಡಿಲಿನಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಬಿಳಿ ಕರವಸ್ತ್ರ, ಗೆರೆ ಎದ್ದು ಕಾಣುವ ಹಾಗೆ ಇಸ್ತ್ರಿ ಹಾಕಿದ್ದು.

"ನಾಳೆ ಬೆಳಿಗ್ಗೆ ಹೊರಡ್ತೀನಿ ತಮ್ಮಾ. ಮಗ ತನ್ನ ಊರಿಗೆ ಕರ್ಕೊಂಡು ಹೋಗ್ತಿದಾನೆ. ಮತ್ತೆ ಈ ಕಡೆ ಬರೋದು ಅಷ್ಟರಲ್ಲೇ ಇದೆ. ಅವಳ ಹತ್ತಿರದಿಂದ ಒಂದು ಹಿಡಿ ಮಣ್ಣು ತಗೊಂಡು ಹೋಗೋಣ ಅಂತ."

"ಕೂತ್ಕೋ ಅಕ್ಕಾ, ಟೀ ತರಿಸ್ತೀನಿ."

"ಕೂತೇ ಇದೀನಲ್ಲೋ."

ನಾನು ಶುಚಿಯಾಗಿದ್ದ ಕತ್ತಿಯನ್ನು ಮತ್ತೆ ಒರೆಸಿದೆ.

"ನೀನೂ ಸಾಮಾನ್ಯದವನಲ್ಲ ಬಿಡು," ಎಂದಳು, ನಗುತ್ತ. ಬೆಂಕಿ ಬಿದ್ದ ಮೇಲಿನ ಅಷ್ಟು ವರ್ಷಗಳಲ್ಲಿ ಅವಳು ನಕ್ಕದ್ದನ್ನು ನಾನು ಆಗಲೇ ನೋಡಿದ್ದು. "ವಾರವಾರ ನೀನು ಬಯಲಿಗೆ ಹೋಗಿ ಒಂಬತ್ತು ಕಲ್ಲನ್ನೂ ತೊಳೀತಿದ್ದೆ. ಒಂಬತ್ತಕ್ಕೂ ನೀರು. ಒಂದಕ್ಕೆ ಒಂದು ತೊಟ್ಟು ಜಾಸ್ತಿ ಇಲ್ಲ, ಕಮ್ಮಿ ಇಲ್ಲ. ನಮಗೆ ಗೊತ್ತಾಗಬಾರ್ದು ಅಂತ ತಾನೆ? ನಾವೆಲ್ಲ ಬೇಲಿ ಹತ್ತಿರ ನಿಂತು ನೋಡ್ತಿದ್ವಿ ಗೊತ್ತಾ? ನಾನು, ಮೌಲ್ವಿಗಳ ತಂಗಿ, ಎಲ್ಲರೂ. ನಿನ್ನ ಕೈ ಯಾವ ಕಲ್ಲಿನ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೆ ಅಂತ. ಅದು ನಿನ್ನ ಮಗಳದು ಅಂತ ಗೊತ್ತಾದ್ರೆ, ಅದರ ಪಕ್ಕದ್ದು ನಮ್ಮವಳದೇ ಇರಬೇಕು ಅಂತ ನನ್ನ ಲೆಕ್ಕ. ಅವರಿಬ್ಬರೂ ಒಬ್ಬರನ್ನೊಬ್ಬರು ಬಿಟ್ಟವರೇ ಅಲ್ಲವಲ್ಲ. ಊಹೂಂ. ಒಂದು ದಿನವಾದರೂ ನಿನ್ನ ಕೈ ನಿಲ್ಲಲಿಲ್ಲ. ಎಂಥಾ ಗಟ್ಟಿ ಮನಸ್ಸೋ ನಿಂದು, ಸ್ವಂತ ಮಗಳ ಕಲ್ಲಿನ ಮೇಲೂ!"

ಕನ್ನಡಿಯಲ್ಲಿ ಅವಳು ನನ್ನನ್ನೇ ನೋಡುತ್ತಿದ್ದಳು. ಒಡೆದ ಮೂಲೆಯಲ್ಲಿ ನನ್ನ ಗದ್ದ ಎರಡಾಗಿ ಕಾಣುತ್ತಿತ್ತು.

"ಈಗಲಾದ್ರೂ ಹೇಳೋ. ಎಷ್ಟನೇದು?"

"ಅಕ್ಕಾ..."

"ಹೇಳು."

"ಒಂದರ ಮೇಲೂ ಕೈ ನಿಲ್ಲಲಿಲ್ಲ ಅಂದ್ಯಲ್ಲ. ಯಾವುದರ ಮೇಲೆ ನಿಲ್ಲಿಸಬೇಕು ಅಂತ ನನಗೆ ಗೊತ್ತಿದ್ರೆ ತಾನೆ ನಿಲ್ಲಿಸೋದು."

ಅವಳ ಮುಖದ ಮೇಲಿನ ನಗು ತಕ್ಷಣ ಹೋಗಲಿಲ್ಲ. ಹೊರಗೆ ಹೋಗುವ ದಾರಿ ತಿಳಿಯದ ಹಾಗೆ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಕರವಸ್ತ್ರದ ಒಂದು ಮಡಿಕೆ ಬಿಚ್ಚಿದಳು, ಮತ್ತೆ ಮಡಿಸಿದಳು, ಗೆರೆಯ ಮೇಲೆ ಉಗುರು ಎಳೆದಳು.

"ಹಾಗಾದ್ರೆ ಆವತ್ತು ಕುರ್ಚಿ ಹತ್ತಿ ನಿಂತು ಹೇಳಿದ್ದು?"

"ಬುರುಡೆ."

"ಕತ್ತಿ ಮೇಲಾಣೆ ಇಟ್ಟಿದ್ದು?"

"ಅದೂ."

ಬೈಯುತ್ತಾಳೆ ಎಂದುಕೊಂಡೆ. ಎದ್ದು ಕೆನ್ನೆಗೆ ಬಾರಿಸಿದ್ದರೂ ಎಷ್ಟೋ ವಾಸಿಯಿತ್ತು. ಅವಳು ಕುರ್ಚಿಯ ಹಿಡಿಯನ್ನು ಸವರುತ್ತ, ಮಗುವಿಗೆ ಹೇಳಿಕೊಡುವವಳ ಹಾಗೆ ಮೆಲ್ಲಗೆ ಹೇಳಿದಳು:

"ಹೋಗಲಿ. ಸುಳ್ಳಾದ್ರೂ ಒಂದು ಹೇಳು. ಊರಿಗೆಲ್ಲ ಬಿಟ್ಟಿ ಹೇಳಿದ್ಯಲ್ಲ, ಹೋಗೋ ಹೊತ್ತಿಗೆ ನನಗೂ ಒಂದು ಹೇಳು. ಎಡಗಡೆಯಿಂದ ಇಷ್ಟನೇದು ಅಂತ. ನಾನು ನಂಬ್ತೀನಿ. ಯಾರ ಹತ್ತಿರವೂ ಹೇಳಲ್ಲ. ಹೇಳೋ, ನನ್ನಪ್ಪಾ."

ಪ್ರತಿಮೆಯೂ ಮುಖ ತಿರುಗಿಸುವಂತೆ ಮಾಡಿದವನು ನಾನು. ಕೇಳದೇ ಇದ್ದವರನ್ನು ಹಿಡಿದು ನಿಲ್ಲಿಸಿ ಸುಳ್ಳು ಹೇಳಿದವನು. ಜೀವಮಾನದಲ್ಲಿ ಒಬ್ಬಳು ಬಂದು ಅಂಗಲಾಚಿ ಒಂದೇ ಒಂದನ್ನು ಕೇಳಿದಳು. ಬಾಯಿ ತೆರೆದೆ. ಮೂರನೆಯದು ಎಂದರೆ ಮುಗಿಯಿತು. ಮೂರನೆಯದರ ಕೆಳಗೆ ನನ್ನವಳಿದ್ದರೆ? ಅಕ್ಕ ಒಂದು ಹಿಡಿ ನನ್ನವಳನ್ನು ತೆಗೆದುಕೊಂಡು ಹೋಗಿಬಿಟ್ಟರೆ? ನಾಲಿಗೆ ಏಳಲಿಲ್ಲ.

ಅಕ್ಕನ ಕಾಲ ಬಳಿ, ಉದುರಿದ ಕೂದಲ ಮಧ್ಯೆ ಕುಕ್ಕರಿಸಿದೆ. ಒಂದು ಸುಳ್ಳನ್ನು ಕತ್ತರಿಸಿದ ಮೇಲೆ ಇನ್ನೊಂದನ್ನೂ ಕತ್ತರಿಸಬೇಕಾಯಿತು. ಆಸ್ಪತ್ರೆಯ ವರಾಂಡದಲ್ಲಿ "ಗೊತ್ತಾಗ್ಲಿಲ್ಲ" ಎಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಗೊತ್ತಾಗಲಿಲ್ಲ ಎನ್ನಬೇಕಾದರೆ ಮುಟ್ಟಿ ನೋಡಿರಬೇಕು.

"ನಾನು ಮುಟ್ಟಲೇ ಇಲ್ಲ ಅಕ್ಕಾ. ಒಳಗೆ ಹೋದವನು ಗೋಡೆ ಕಡೆ ತಿರುಗಿ ನಿಂತುಬಿಟ್ಟೆ. ಒಂದು ಬಟ್ಟೆನೂ ಎತ್ತಲಿಲ್ಲ. ಮುಟ್ಟಿದ್ರೆ ಇವಳೇ ಅಂತ ಕೈಗೆ ಗೊತ್ತಾಗಿಬಿಡುತ್ತೆ ಅಂತ ಭಯ. ಮುಟ್ಟಿಯೂ ಗೊತ್ತಾಗದೇ ಹೋದ್ರೆ ಅನ್ನೋ ಭಯ ಇನ್ನೂ ದೊಡ್ಡದು. ನೀವೆಲ್ಲ ಹೊರಗೆ ಕಾಯ್ತಾ ಇದ್ರಿ. ನಾನು ಗೋಡೆ ನೋಡ್ತಾ ನಿಂತಿದ್ದೆ. ನಿನ್ನ ಮಗಳು ಎಲ್ಲಿದಾಳೋ ನನಗೆ ಗೊತ್ತಿಲ್ಲ. ನನ್ನ ಮಗಳು ಎಲ್ಲಿದಾಳೋ ಅದೂ ಗೊತ್ತಿಲ್ಲ."