ಒಂದಕ್ಷರವೂ ತಿದ್ದದ ಕರಡು

ಸಂಸತ್ತಿನ ಮಾತನ್ನೆಲ್ಲ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ ಪೆನ್ಸಿಲಕ್ಕ ಇಪ್ಪತ್ತು ವರ್ಷದಿಂದ ವೋಟು ಹಾಕುತ್ತ ಬಂದ ಸಣ್ಣ ಪಕ್ಷಕ್ಕೆ ಒಂದು ಸೀಟೂ ಬಂದಿರಲಿಲ್ಲ. ಬಿದ್ದ ವೋಟಿಗೆ ತಕ್ಕಷ್ಟು ಸೀಟು ಪ್ರತಿ ಪಕ್ಷಕ್ಕೂ ಸಿಗಬೇಕೆಂದು ಇವತ್ತು ವಿರೋಧ ಪಕ್ಷದ ನಾಯಕ ಗಂಟಲು ಹರಿದುಕೊಂಡ. ತಾನು ಪ್ರಧಾನಿಯಾಗಿದ್ದಾಗ ಇದನ್ನೇ ದೇಶ ಒಡೆಯುವ ಹುನ್ನಾರ ಎಂದಿದ್ದ ಭೂಪ! ಆಗ ಇದಕ್ಕಾಗಿ ಅಂಗಲಾಚಿದ್ದ ಈಗಿನ ಪ್ರಧಾನಿ ಎದ್ದು, ಹುನ್ನಾರ ಎಂದ. ಪೆನ್ಸಿಲಕ್ಕನ ಮೈ ಉರಿಯಿತು.

ಭಾಷಣದ ಕರಡನ್ನು ಅವರವರಿಗೆ ಕಳಿಸಿ, ತಿದ್ದಿಸಿ, ಸಹಿ ಹಾಕಿಸಿಕೊಳ್ಳುವುದು ಅಲ್ಲಿನ ಪದ್ಧತಿ. ಅವಳು ಕಪಾಟಿನಿಂದ ಇಬ್ಬರ ಹಳೆಯ ಭಾಷಣಗಳನ್ನೂ ತೆಗೆದು, ತಾರೀಖಷ್ಟೇ ಬದಲಿಸಿ ಟೈಪು ಮಾಡಿ, ಇವನದನ್ನು ಅವನಿಗೆ, ಅವನದನ್ನು ಇವನಿಗೆ ಕಳಿಸಿದಳು.

ಸಂಜೆಗೆ ಎರಡೂ ಸಹಿಯೊಂದಿಗೆ ವಾಪಸಾದವು. ಹಿಂದೆಯೇ ಪ್ರಧಾನಿಯ ಫೋನು: "ನಾನಂದಿದ್ದು ಒಂದು ಮಾತೂ ಬಿಟ್ಟಿಲ್ಲಮ್ಮ ನೀವು, ಭೇಷ್!"